ಅಂಬಾಬಾಯಿಯ ಉಡಿ

ಅಂಬಾಬಾಯಿ ಧಾರವಾಡದಿಂದ ಪುಣೆಗೆ ಬಂದದ್ದು ಮೂರು ತಿಂಗಳ ಮಟ್ಟಿಗೆ. ಅದೀಗ ನಾಲ್ಕು ವರ್ಷದ ಹಿಂದಿನ ಮಾತು.

ಸೊಸೆ ಸುರಭಿಗೆ ತಾಯಿ ಇರಲಿಲ್ಲ. ಹಾಗಾಗಿ ತವರುಮನೆಯವರು ಮಾಡಬೇಕಾದ ಚೊಚ್ಚಲ ಬಾಣಂತನ ಅತ್ತೆಯ ಹೆಗಲಿಗೆ ಬಂತು. ಅಂಬಾಬಾಯಿ ಒಂದು ಟ್ರಂಕು, ಒಂದು ಡಬ್ಬಿ ಅಂಟಿನುಂಡೆ ಹಿಡಿದು ಬಂದಳು. ಸೊಸೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಕೂಸಿಗೆ ಲೋಬಾನದ ಹೊಗೆ ಕೊಟ್ಟಳು, ಪಥ್ಯದ ಅಡಿಗೆ ಮಾಡಿ ಹಾಕಿದಳು. ಇನ್ನೇನು ಹೊರಡಬೇಕು ಎನ್ನುವಷ್ಟರಲ್ಲಿ ಸುರಭಿಯ ರಜೆ ಮುಗಿಯಿತು. "ಕೂಸು ಕೂಡ್ಲಿ ಅವ್ವಾ, ಆಮ್ಯಾಲೆ ಹೋಗೀಯಂತ" ಎಂದ ಮಗ ಪ್ರಣವ. ಕೂಸು ಕೂತಿತು. "ನಡೀಲಿ" ಎಂದ. ಅದೂ ಆಯಿತು. ಈಗ ಮೊಮ್ಮಗಳು ಹರ್ಷದಾ ಬಾಲವಾಡಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಹನ್ನೆರಡೂವರೆಗೆ ವ್ಯಾನಿನಿಂದ ಇಳಿದು, ಅಜ್ಜಿಯ ಸೆರಗು ಹಿಡಿದುಕೊಂಡು, ತಾನೇ ಲಿಫ್ಟಿನ ಗುಂಡಿ ಒತ್ತುವಷ್ಟು ದೊಡ್ಡವಳಾಗಿದ್ದಳು. ಅಂಬಾಬಾಯಿ ಮಾತ್ರ ಮಗರಪಟ್ಟಾ ಬಡಾವಣೆಯ ಆ ಒಂಬತ್ತನೆಯ ಮಹಡಿಯಲ್ಲೇ ಇದ್ದಳು.

ಗಂಡ ಪಂಢರಿನಾಥರಾಯರು ಧಾರವಾಡದಲ್ಲಿ. ಪೇಟೆಯ ಒಂದು ಸಂದಿಯಲ್ಲಿ ಅವರ ಗಡಿಯಾರ ರಿಪೇರಿ ಅಂಗಡಿ. ಸ್ವಂತ ಮೈದುನನ ಮದುವೆಗೂ ಅಕ್ಕಿಕಾಳು ಹಾಕಿ ಊಟಕ್ಕೆ ನಿಲ್ಲದೆ ಅಂಗಡಿಗೆ ಓಡಿದ ಮನುಷ್ಯ. ದಿನಾ ಸಂಜೆ ಏಳಕ್ಕೆ ಅವರ ಫೋನು.

"ಊಟ ಆತೇನು?"

"ಇನ್ನs ಇಲ್ಲ. ನಿಮ್ಮದು?"

"ಆಗ್ತದ. ಫೋನ್ ಇಡ್ಲ್ಯಾ?"

ಮೂವತ್ತೇಳು ವರ್ಷದ ಸಂಸಾರ ಇಷ್ಟು ಮಾತಿಗೆ ಬಂದು ನಿಂತಿತ್ತು. ಧಾರವಾಡದ ಮನೆಯ ಮುಂದಿನ ಖೋಲಿಯಲ್ಲಿ ಅಂಬಾಬಾಯಿಯ ಹೊಲಿಗೆ ಮಷೀನು ಇತ್ತು. ಓಣಿಯ ಅರ್ಧ ಹೆಂಗಸರ ಕುಬಸದ ಅಳತೆ ಅವಳಿಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರವರ ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಈಗ ಆ ಅಳತೆಗಳೆಲ್ಲ ಹಳತಾಗಿರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಮೊದಮೊದಲು ಹಾಗೆ ಅನ್ನಿಸಿದಾಗ ಎದೆಯಲ್ಲಿ ಚುಳ್ಳೆನ್ನುತ್ತಿತ್ತು. ಈಗ ಚಪಾತಿ ಲಟ್ಟಿಸುತ್ತ ಲಟ್ಟಿಸುತ್ತಲೇ ಅದು ಬಂದು ಹೋಗುತ್ತಿತ್ತು.

ಮನೆಗೆ ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಇದೊಂದೇ. ಆದರೆ 'ಹೋಗ್ತೀನಿ' ಎಂದು ತಾನಾಗಿ ಹೇಳಿ ಅವಳಿಗೆ ರೂಢಿಯಿರಲಿಲ್ಲ. ತವರಿನಿಂದ ಗಂಡನ ಮನೆಗೆ ಕಳಿಸಿದ್ದರು, ಹೋಗಿದ್ದಳು. ಪುಣೆಗೆ ಕರೆದರು, ಬಂದಿದ್ದಳು. ಈಗ 'ಸಾಕು, ನಡಿ ಮನೀಗೆ' ಎಂದು ರಾಯರು ಒಂದು ಮಾತು ಅನ್ನಬೇಕಿತ್ತು. ನಾಲ್ಕು ವರ್ಷದಿಂದ ಅವಳು ಆ ಮಾತಿಗೆ ಕಿವಿಗೊಟ್ಟು ಕೂತಿದ್ದಳು.

ನವರಾತ್ರಿಯ ಒಂದು ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಕೂತು ಪ್ರಣವ ಹೇಳಿದ, "ಅವ್ವಾ, ದೀಪಾವಳಿ ಆದ ವಾರ ಎಲ್ಲಾರೂ ಕ್ರೂಜ್‌ಗೆ ಹೋಗೋಣು. ದೊಡ್ಡ ಹಡಗ. ಮುಂಬೈದಿಂದ ಗೋವಾ, ಮತ್ತ ವಾಪಸ್. ನಾಲ್ಕು ದಿನ ಅಡಿಗಿ ಇಲ್ಲ, ಭಾಂಡೆ ತಿಕ್ಕೋದಿಲ್ಲ. ನಿನಗೂ ಆರಾಮ ಬೇಕಲ್ಲ?"

"ನಿಮ್ಮಪ್ಪ?"

"ಅಪ್ಪಾನೂ ಬರ್ತಾರ. ಫೋನ್ ಮಾಡಿ ಒಪ್ಪಿಸೀನಿ."

"ಅಂಗಡಿ ಮುಚ್ಚಿ?"

"ಮುಚ್ಚಿ."

ಅಂಬಾಬಾಯಿ ಒಗ್ಗರಣೆಯ ಸೌಟು ಹಿಡಿದು ಹಾಗೇ ನಿಂತಳು. ಅಂಗಡಿ ಮುಚ್ಚಿ ಬರುತ್ತಾರೆಂದರೆ ಏನೋ ಮನಸ್ಸು ಮಾಡಿಯೇ ಬರುತ್ತಿರಬೇಕು. ಅಂಗಡಿ ಇಲ್ಲ, ಅಡಿಗೆಮನೆ ಇಲ್ಲ, ನಾಲ್ಕು ದಿನ ಎದುರುಬದುರು. ಮನೆಗೆ ಬಾ ಎನ್ನದೆ ಎಲ್ಲಿಗೆ ಹೋದಾರು?

"ಉಪ್ಪಿಟ್ಟು ಇನ್ನೀಟು ಹಾಕ್ಲೇನು?" ಎಂದಳು.

"ಬ್ಯಾಡವ್ವ" ಎಂದ ಪ್ರಣವ, ಫೋನು ನೋಡುತ್ತ. ಸುರಭಿ ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟು ಎದ್ದುಹೋದಳು. ತಾನೂ ಹಡೆದು, ನಾಲ್ಕು ಬಾಣಂತನ ಮಾಡಿದ ಅಂಬಾಬಾಯಿಗೆ ಆ ತಟ್ಟೆ ನೋಡಿದರೆ ಸಾಕಿತ್ತು. ನೋಡಿದಳು, ಎತ್ತಿ ಸಿಂಕಿನಲ್ಲಿಟ್ಟಳು. ತಿಳಿದುಕೊಳ್ಳುವುದೂ ಒಂದು ಕೆಲಸ. ಅದನ್ನು ಅವಳು ಎಂದೋ ಬಿಟ್ಟಿದ್ದಳು.

ದಸರೆಗೆ ಬೆಳಗಾವಿಯಿಂದ ಸುರಭಿಯ ಚಿಕ್ಕಮ್ಮ ಬಂದು ಎರಡು ದಿನ ಇದ್ದು ಹೋದಳು. ಹೊರಡುವಾಗ ಅಂಬಾಬಾಯಿ ಅವಳನ್ನು ಮಣೆಯ ಮೇಲೆ ಕೂಡಿಸಿ, ಅರಿಶಿಣ ಕುಂಕುಮ ಹಚ್ಚಿ, ಸೆರಗಿನಲ್ಲಿ ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಬಸದ ಖಣ ಹಾಕಿ ಉಡಿ ತುಂಬಿದಳು. ಹರ್ಷದಾ ಮಂಡಿಯೂರಿ ಕೂತು ನೋಡಿದಳು.

"ಅಜ್ಜಿ, ಅವರಿಗೆ ರೈಸ್ ಯಾಕ ಕೊಟ್ಟಿ?"

"ತಮ್ಮ ಮನೀಗೆ ಹೊಂಟಾರಲ್ಲ, ಬರೇ ಉಡೀಲೆ ಕಳಸಬಾರದು. ಆ ಅಕ್ಕಿ ಒಯ್ದು ಅವರು ತಮ್ಮ ಮನ್ಯಾಗ ಅನ್ನ ಮಾಡ್ತಾರ."

"ನಿನಗ ಯಾರು ಕೊಡ್ತಾರ?"

"ಮನೆಯಾಕಿಗೆ ಯಾರೂ ತುಂಬಂಗಿಲ್ಲ ಪುಟ್ಟಾ. ಹೊರಗಿನವರಿಗೆ ತುಂಬೋದು."

ಅದು ನಿಜವೂ ಆಗಿತ್ತು. ನಾಲ್ಕು ವರ್ಷದಲ್ಲಿ ಐದಾರು ಸಲ ಅವಳು ಧಾರವಾಡಕ್ಕೆ ಹೋಗಿ ಬಂದಿದ್ದಳು. ಎಲ್ಲ ನಾಲ್ಕು ದಿನ, ಆರು ದಿನದ ಮಾತು. ಒಮ್ಮೆಯೂ ಯಾರೂ ಉಡಿ ತುಂಬಿರಲಿಲ್ಲ. ಮಗನ ಮನೆಯೆಂದರೆ ತನ್ನ ಮನೆಯೇ ತಾನೆ? ತನ್ನ ಮನೆಯಿಂದ ಹೊರಡುವವಳಿಗೆ ಯಾರು ತುಂಬಬೇಕು?

ದೀಪಾವಳಿಗೆ ರಾಯರು ಬಂದರು. ಹಬ್ಬ ಮುಗಿಸಿ ಐದೂ ಜನ ಮುಂಬೈಗೆ ಹೊರಟರು. ಗೇಟಿನ ವಾಚ್‌ಮನ್ "ಆಜೀ, ಕುಠೇ ಚಾಲ್ಲಾತ?" ಎಂದು ಕೇಳಿದ. ಹಡಗಿನಲ್ಲಿ ಹೋಗುತ್ತೇವೆ ಎಂದು ಅಂಬಾಬಾಯಿ ಮರಾಠಿಯಲ್ಲಿ ಹೇಳಿದಾಗ ಅವನು ಅವಳಿಗಿಂತ ಹೆಚ್ಚು ಹಿಗ್ಗಿದ.

ಬಂದರಿನ ಕೌಂಟರಿನಲ್ಲಿದ್ದ ಹುಡುಗಿ ಎಲ್ಲರ ಆಧಾರ್ ಕಾರ್ಡು ಕೇಳಿದಳು. ರಾಯರ ಕಾರ್ಡು ನೋಡಿದಳು, ಅಂಬಾಬಾಯಿಯದು ನೋಡಿದಳು. "ನೀವಿಬ್ಬರೂ ಗಂಡ ಹೆಂಡತಿಯೇ?" ಎಂದು ಹಿಂದಿಯಲ್ಲಿ ಕೇಳಿದಳು. "ವಿಳಾಸ ಬೇರೆ ಬೇರೆ ಇದೆ, ಅದಕ್ಕೆ ಕೇಳಿದೆ."

ಅಂಬಾಬಾಯಿ ಕಾರ್ಡು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಧಾರವಾಡ ಇರಲಿಲ್ಲ. ಹಡಪಸರ, ಪುಣೆ ಎಂದಿತ್ತು.

"ಪ್ರಣವಾ, ಇದ್ಯಾವಾಗ?"

"ಹ್ವಾದ ವರ್ಷ ಅವ್ವಾ. ಇನ್ಶೂರನ್ಸ್‌ಗೆ ಬೇಕಾಗಿತ್ತು. ನೀನs ಬೆರಳು ಕೊಟ್ಟೀದಿ ನೋಡು, ಆ ಸೆಂಟರಿನ್ಯಾಗ."

ಬೆರಳು ಕೊಟ್ಟದ್ದು ನೆನಪಿತ್ತು. ಯಾಕೆಂದು ಕೇಳಿರಲಿಲ್ಲ. ರಾಯರು ಗಂಟಲು ಸರಿಮಾಡಿಕೊಂಡು, "ಇರ್ಲಿ ಬಿಡು, ಕಾರ್ಡಿನ್ಯಾಗ ಏನದ?" ಎಂದರು. ಅವರ ಕಾರ್ಡಿನಲ್ಲಿ ಧಾರವಾಡ ಇತ್ತಲ್ಲ, ಹಾಗೆನ್ನುವುದು ಅವರಿಗೆ ಸುಲಭ.

ಹಡಗು ಹಡಗಿನಂತಿರಲಿಲ್ಲ. ಹತ್ತು ಮಗರಪಟ್ಟಾ ಬಿಲ್ಡಿಂಗುಗಳನ್ನು ಮಲಗಿಸಿ ನೀರಿಗೆ ಬಿಟ್ಟ ಹಾಗಿತ್ತು. ಪ್ರಣವ ಎರಡು ಖೋಲಿ ಹಿಡಿದಿದ್ದ. ಬಾಲ್ಕನಿಯದು ಅವನಿಗೂ ಸುರಭಿಗೂ. ಕಿಟಕಿಯಿಲ್ಲದ್ದು ಅಜ್ಜ ಅಜ್ಜಿಗೆ, ಜೊತೆಗೆ ಹರ್ಷದಾ. "ಆಕಿಗೆ ನೀ ಇಲ್ಲಂದ್ರ ನಿದ್ದಿ ಬರಂಗಿಲ್ಲವ್ವ" ಎಂದ. ನಾಲ್ಕು ತಿಂಗಳ ಮೇಲೆ ಒಂದೇ ಕೋಣೆಯಲ್ಲಿ ಕಂಡ ಗಂಡಹೆಂಡಿರ ನಡುವೆ ಮೊಮ್ಮಗಳು ಕೈಕಾಲು ಚಾಚಿ ಮಲಗಿದಳು. ಬೆಳಿಗ್ಗೆ ಎದ್ದಾಗ ರಾಯರ ಬೆನ್ನು ಗೋಡೆಗೆ ಅಂಟಿತ್ತು, ಅಂಬಾಬಾಯಿಯ ಒಂದು ಕಾಲು ಮಂಚದ ಹೊರಗಿತ್ತು.

ಆರಾಮ ಎಂದರೆ ಹೀಗಿತ್ತು. ಮಗ ಸೊಸೆ ಹಾಡು, ಜಾದೂ ಎಂದು ಹೋದರು. ಅಂಬಾಬಾಯಿ ಮಕ್ಕಳ ಈಜುಕೊಳದ ದಂಡೆಯಲ್ಲಿ ಟವೆಲು ಹಿಡಿದು ಕೂತಳು, ಹರ್ಷದಾಳ ಒದ್ದೆ ಚಡ್ಡಿ ಹಿಂಡಿದಳು, ಬಫೆಯ ನೂರು ಪದಾರ್ಥಗಳ ನಡುವೆ ಮೊಸರನ್ನ ಹುಡುಕಿದಳು. ಪುಣೆಯಲ್ಲಿ ಮಾಡುತ್ತಿದ್ದುದನ್ನೇ ನೀರಿನ ಮೇಲೆ ಮಾಡಿದಳು. ಹಡಗು ಹತ್ತಿದ ಕೂಡಲೇ ಸುರಭಿ ಎರಡು ಸಲ ಬಾಯಿಗೆ ಕೈ ಹಿಡಿದು ಓಡಿದ್ದಳು. ಹಡಗಿನ ಓಲಾಟಕ್ಕೆ ಹಾಗಾಗುತ್ತದೆ ಎಂದಿದ್ದ ಪ್ರಣವ. ಹಡಗು ಆಗಿನ್ನೂ ಬಂದರು ಬಿಟ್ಟಿರಲಿಲ್ಲ.

ಎರಡನೆಯ ದಿನ ಸಂಜೆ ರಾಯರೂ ಅವಳೂ ಮೇಲಿನ ಡೆಕ್ಕಿನಲ್ಲಿ ಚಹಾ ಹಿಡಿದು ಕೂತರು. ಹರ್ಷದಾ ಎದುರಿಗೆ ಬಣ್ಣ ಹಚ್ಚುತ್ತಿದ್ದಳು. ಸುತ್ತಲೂ ನೀರು. ಈಗ ಆ ಮಾತು ಅನ್ನುತ್ತಾರೆ ಎಂದು ಅಂಬಾಬಾಯಿ ಕಾದಳು.

"ನಾ ಈಗ ಭಕ್ರಿ ಬಡೀತೀನಿ ಗೊತ್ತೇನು?" ಎಂದರು ರಾಯರು.

"ಬರ್ತದೇನು?"

"ಮದ್ಲು ಹರೀತಿತ್ತು. ಈಗ ಪುರಿ ಹಂಗ ಉಬ್ಬತದ. ಹಿಟ್ಟಿಗೆ ಬಿಸಿನೀರು ಬೇಕು, ಅದs ಗುಟ್ಟು."

ಆ ಗುಟ್ಟನ್ನು ಮೂವತ್ತಮೂರು ವರ್ಷ ಅವರ ಎದುರಿಗೇ ಬಡಿದು ತೋರಿಸಿದವಳು ಅಂಬಾಬಾಯಿ. "ಛಲೋ ಆತು" ಎಂದಳು.

"ಮತ್ತ, ನಿನ್ನ ಮಷೀನು ಅಟ್ಟದ ಮ್ಯಾಲೆ ಇಡಿಸೀನಿ. ಮುಂದಿನ ಖೋಲ್ಯಾಗ ಧೂಳ ತಿಂತಿತ್ತು. ಈಗ ಅಲ್ಲೆ ರಿಪೇರಿಗೆ ಬಂದ ದೊಡ್ಡ ಗಡಿಯಾರ ಇಟ್ಟೀನಿ, ಗ್ವಾಡಿ ಗಡಿಯಾರ. ಬೆಳಕ ಭಾಳ ಛಲೋ ಬರ್ತದ."

ಅಂಬಾಬಾಯಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳು ಬರಬೇಕಿತ್ತು, ಅದೂ ಇಲ್ಲ. ತಲೆ, ಎದೆ, ಕೈ ಎಲ್ಲ ಜೋಮು ಹಿಡಿದ ಹಾಗಿತ್ತು. ಚಹಾ ಆರಿದೆ ಎಂಬುದೊಂದು ಗೊತ್ತಾಯಿತು. ಕುಡಿದಳು.

ಮೂರನೆಯ ದಿನ ಮಧ್ಯಾಹ್ನ ಊಟದ ಹಾಲಿನಲ್ಲಿ ಐವರೂ ಒಂದೇ ಮೇಜಿಗೆ ಕೂತಿದ್ದರು. ಹರ್ಷದಾ ಐಸ್‌ಕ್ರೀಮು ತಿನ್ನುತ್ತ ಕಾಲು ಆಡಿಸುತ್ತಿದ್ದಳು.

"ಅಜ್ಜಿ, ಬೇಬಿ ಬಂದಮ್ಯಾಲೆ ನೀ ನಡುವ ಮಲಗಬೇಕು. ಆ ಕಡೆ ಬೇಬಿ, ಈ ಕಡೆ ನಾನು."

ಪ್ರಣವನ ಕೈ ನೀರಿನ ಲೋಟದ ಮೇಲೆ ನಿಂತಿತು.

"ಯಾವ ಬೇಬಿ ಪುಟ್ಟಾ?" ಎಂದಳು ಅಂಬಾಬಾಯಿ.

"ಅಮ್ಮನ ಹೊಟ್ಟ್ಯಾಗಿಂದು. ಪಪ್ಪಾ ಅಜ್ಜಗ ಫೋನಿನ್ಯಾಗ ಹೇಳಿದ್ರಲ್ಲ. ಅಜ್ಜಿಗೆ ಶಿಪ್ಪಿನ್ಯಾಗ ಹೇಳೋಣು, ಸರ್‌ಪ್ರೈಜ್ ಅಂದ್ರು."

ಸುರಭಿ ತಲೆ ತಗ್ಗಿಸಿದಳು. ಪ್ರಣವ ನಗಲು ನೋಡಿದ. "ಹೌದವ್ವ, ಇವತ್ತ ಸಂಜಿಕೆ ಹೇಳವರಿದ್ವಿ. ಮೇ ತಿಂಗಳಾಗ. ಅಪ್ಪಾ ಜೋಡಿ ಎಲ್ಲಾ ಮಾತಾಡೀನಿ. ಕೂಸು ಪ್ಲೇ ಸ್ಕೂಲಿಗೆ ಹೋಗೋ ತನಕಾ ನೀ ಇರ್ತಿ, ಅಪ್ಪಾಗೂ ಈಗ ಎಲ್ಲಾ ರೂಢಿ ಆಗೇದ. ಹೌದಲ್ರಿ ಅಪ್ಪಾ?"

ರಾಯರು ಪಾಪಡ ಮುರಿದರು. "ಹೂಂ. ಒಂದೆರಡ ಮೂರ ವರ್ಷ. ನನ್ನದೇನಿಲ್ಲ."

ಮೂರು ವರ್ಷ. ಒಬ್ಬರು ಕೇಳಿ, ಇನ್ನೊಬ್ಬರು ಕೊಟ್ಟು, ವ್ಯವಹಾರ ನವರಾತ್ರಿಯಲ್ಲೇ ಮುಗಿದಿತ್ತು. ಅಂಗಡಿ ಮುಚ್ಚಿ ಬಂದದ್ದು ಇದಕ್ಕೆ. ಕರೆದೊಯ್ಯಲು ಬಂದಿರಲಿಲ್ಲ, ಬಿಟ್ಟುಹೋಗಲು ಬಂದಿದ್ದರು. ಈ ಹಡಗು, ಈ ನೂರು ಪದಾರ್ಥದ ಊಟ, ಎಲ್ಲ ಅವಳಿಗೆ ಮುಂಗಡವಾಗಿ ಕೊಟ್ಟ ಸಿಹಿ.

"ಛಲೋ ಆತು ಬಿಡು" ಎಂದಳು ಅಂಬಾಬಾಯಿ. ಎದ್ದು ಸುರಭಿಯ ತಟ್ಟೆ ನೋಡಿದಳು. "ನಿನಗ ಇದು ಸೇರಂಗಿಲ್ಲ. ತಡಿ, ಬರೇ ಅನ್ನ, ನಿಂಬಿಹಣ್ಣು ತರ್ತೀನಿ."

ಬಫೆಯ ಸಾಲಿನಲ್ಲಿ ನಿಂತು ನಿಂಬೆಹಣ್ಣನ್ನು ಎಂದಿನ ಹಾಗೇ ಒತ್ತಿ ನೋಡಿ ಆರಿಸಿದಳು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಪುಣೆಗೆ ಮರಳಿದ ಮೇಲೆ ತುಳಸಿ ಲಗ್ನದವರೆಗೆ ಇರುತ್ತೇನೆಂದು ರಾಯರು ಉಳಿದರು. ಅಂಬಾಬಾಯಿ ಒಗೆಯುವ ಮಷೀನಿಗೆ ಮೂರು ಸಲ ಬಟ್ಟೆ ಹಾಕಿದಳು, ನೆಲ್ಲಿಕಾಯಿ ತಂದಳು, ಸುರಭಿಗೆ ಹಸಿಶುಂಠಿ ಜೀರಿಗೆಯ ಕಷಾಯ ಮಾಡಿದಳು. ಹನ್ನೆರಡೂವರೆಗೆ ವ್ಯಾನಿನ ಹತ್ತಿರ ನಿಂತಳು. ಮಾತು ಕಡಿಮೆಯಾದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ, ಸುರಭಿಯೊಬ್ಬಳನ್ನು ಬಿಟ್ಟು. ಶುಕ್ರವಾರ ಬೆಳಿಗ್ಗೆ ಅಡಿಗೆಮನೆಯ ಆಚೆಗೇ ಮಗ ಸೊಸೆಯ ಜಗಳ ಹತ್ತಿತು.

"ನಾ ಮದ್ಲs ಹೇಳಿದ್ದೆ, ಅತ್ತೀನ್ನ ಕೇಳು ಅಂತ. ನೀ ಮಾವಾರನ್ನ ಕೇಳಿದಿ."

"ಅವ್ವಾ ಏನ್ ಬ್ಯಾಡ ಅಂದಾಳೇನು? ಖುಷೀಲೆ ಮಾಡ್ಲಿಕತ್ತಾಳ."

"ಖುಷಿ ಅದೇನು ಆ ಮುಖದಾಗ? ನೋಡೀ ಏನು ಒಂದ್ಸಲಾನರ?"

"ಹಂಗಾದ್ರ ಕೂಸಿನ್ನ ಡೇಕೇರಿಗೆ ಹಾಕ್ತೀಯೇನು ಮೂರ ತಿಂಗಳಿಗೆ? ನೌಕರಿ ಬಿಡ್ತೀಯೇನು? ಹೇಳು."

ಅಂಬಾಬಾಯಿ ಒಳಗೆ ಬೇಳೆಯ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು. ಮೂರಕ್ಕೆ ಆರಿಸಬೇಕಿತ್ತು. ಐದಾದವು.

ರವಿವಾರ ಹನ್ನೊಂದಕ್ಕೆ ಸ್ವಾರಗೇಟದಿಂದ ರಾಯರ ಬಸ್ಸು. ಒಂಬತ್ತಕ್ಕೆ ಎಲ್ಲರೂ ಹಾಲಿನಲ್ಲಿದ್ದರು. ಪ್ರಣವ ಕಾರಿನ ಕೀಲಿ ಹುಡುಕುತ್ತಿದ್ದ. ಅಂಬಾಬಾಯಿ ದೇವರ ಮುಂದಿನ ಮಣೆ ತಂದು ಹಾಲಿನ ನಡುವೆ ಹಾಕಿದಳು. ಹಿಂದೆಯೇ ಒಂದು ತಾಟು ಬಂತು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿಣದ ಕೊಂಬು, ಹಸಿರು ಖಣ.

"ಅತ್ತೀ, ಈಗs ಯಾಕ್ರಿ ಇದೆಲ್ಲಾ?" ಎಂದಳು ಸುರಭಿ, ದುಪಟ್ಟಾ ಸರಿಮಾಡಿಕೊಳ್ಳುತ್ತ. "ಇನ್ನ ಮೂರ ತಿಂಗಳೂ ತುಂಬಿಲ್ಲ ನನಗ."

"ನಿನಗಲ್ಲವ್ವ" ಎಂದಳು ಅಂಬಾಬಾಯಿ.

ಒಳಗೆ ಹೋಗಿ ತನ್ನ ಟ್ರಂಕು ಎಳೆದು ತಂದಳು. ನಾಲ್ಕು ವರ್ಷದ ಹಿಂದೆ ತಂದದ್ದೇ. ರಾಯರ ಚೀಲದ ಪಕ್ಕಕ್ಕೆ ಇಟ್ಟಳು. ಆಮೇಲೆ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದಳು.

"ಸುರಭಿ, ಬಾ. ನನಗ ಉಡಿ ತುಂಬು."

ಪ್ರಣವ ಕೀಲಿ ಹುಡುಕುವುದನ್ನು ಬಿಟ್ಟ. "ಅವ್ವಾ, ಏನ್ ನಡಸೀದಿ?"

"ನಮ್ಮ ಮನೀಗೆ ಹೊಂಟೀನಿ."

"ಇದು ನಿಮ್ಮನಿ ಅಲ್ಲೇನು?"

"ಇದು ನಿನ್ನ ಹೆಂಡತಿ ಮನಿಯಪ್ಪ. ಆಕಿ ಮನೆಯಾಕಿ. ನಾ ಬಾಣಂತನಕ್ಕ ಬಂದಾಕಿ. ನಾಲ್ಕು ವರ್ಷ ಆತು, ನನ್ನನ್ನ ಯಾರೂ ಕಳಸಿಲ್ಲ."

"ಮತ್ತ ಹರ್ಷೂನ್ನ ನಾಳೆ ವ್ಯಾನಿನಿಂದ ಯಾರು ಇಳಿಸ್ಕೋಬೇಕು?"

"ಅದು ನೀ ನೋಡು. ನಿನಗ ಫೋನ್ ಮಾಡಿ ಒಪ್ಪಿಸಲಿಕ್ಕೆ ಭಾಳ ಛಲೋ ಬರ್ತದ."

ರಾಯರು ಎದ್ದು ನಿಂತರು. "ಏನಿದು? ನಾ ಒಂದs ಟಿಕೆಟ್ ತಗಸೀನಿ."

"ಇನ್ನೊಂದ ತಗಸ್ರಿ" ಎಂದಳು ಅಂಬಾಬಾಯಿ. ಸೆರಗು ಒಡ್ಡಿದ ಕೈ ಇಳಿಸಲಿಲ್ಲ. "ಏಪ್ರಿಲ್ ಕೊನೀಗೆ ಬರ್ತೀನಿ. ಮೂರ ತಿಂಗಳ ಬಾಣಂತನ ಮಾಡ್ತೀನಿ, ಏನೂ ಕಡಿಮಿ ಮಾಡಂಗಿಲ್ಲ. ಆಮ್ಯಾಲೆ ಮತ್ತ ಹಿಂಗs ಉಡಿ ತುಂಬಿ ಕಳಸಬೇಕು. ಇಷ್ಟs."

ಸಿಟ್ಟಿನ ದನಿಯಾಗಿದ್ದರೆ ಪ್ರಣವ ಸಮಾಧಾನ ಮಾಡುತ್ತಿದ್ದ. ಅತ್ತಿದ್ದರೆ ರಾಯರು ಗದರಿಸುತ್ತಿದ್ದರು. ಅವಳು ಚಪಾತಿ ಎಷ್ಟು ಬೇಕೆಂದು ಕೇಳುವ ದನಿಯಲ್ಲೇ ಹೇಳಿದ್ದರಿಂದ ಅಪ್ಪ ಮಗನಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಇಬ್ಬರೂ ಸುರಭಿಯ ಕಡೆ ನೋಡಿದರು. ಅವಳು ಬೇಡವೆಂದರೆ ಆಯಿತು.

ಸುರಭಿ ತಾಟನ್ನು ನೋಡುತ್ತ ನಿಂತಿದ್ದಳು. ಅವಳ ಮದುವೆಯಲ್ಲಿ ತಾಯಿಯ ಬದಲು ಚಿಕ್ಕಮ್ಮ ಉಡಿ ತುಂಬಿದ್ದಳು. ಕಣ್ಣು ಒರೆಸಿಕೊಂಡು ಬಂದು ಮಣೆಯ ಮುಂದೆ ಕೂತಳು.

"ನನಗ ಹೆಂಗ ತುಂಬೋದು ಗೊತ್ತಿಲ್ರಿ, ಅತ್ತೀ."

"ಮದ್ಲು ಅರಿಶಿಣ ಕುಂಕುಮ ಹಚ್ಚು. ಆಮ್ಯಾಲೆ ಅಕ್ಕಿ. ಐದು ಹಿಡಿ."

ಸುರಭಿ ಹಚ್ಚಿದಳು. ಒಂದು ಹಿಡಿ ಹಾಕಿದಳು, ಎರಡು ಹಾಕಿದಳು. ಮೂರನೆಯದಕ್ಕೆ ಹರ್ಷದಾ ನುಗ್ಗಿ ಬಂದು ತನ್ನದೂ ಕೈ ಹಾಕಿದಳು. ಅವಳ ಹಿಡಿಯಲ್ಲಿ ಅಕ್ಕಿ ನಿಲ್ಲಲಿಲ್ಲ. ಅರ್ಧ ಉಡಿಗೆ ಬಿತ್ತು, ಅರ್ಧ ನೆಲಕ್ಕೆ.

"ಅಜ್ಜಿ, ನೀ ಈಗ ಹೊರಗಿನಾಕಿ ಏನು?"

"ಹೌದು ಪುಟ್ಟಾ. ನೀ ರಜಾಕ್ಕ ನಮ್ಮನೀಗೆ ಬಾ. ಮಷೀನಿನ ಮ್ಯಾಲೆ ನಿನಗ ಫ್ರಾಕ್ ಹೊಲೀತೀನಿ."

ಕಾಯಿ ಬಿತ್ತು, ಖಣ ಬಿತ್ತು. ತೊಡೆಯ ಮೇಲೆ ಅಕ್ಕಿಯ ಭಾರ ತಾಗಿತು. ಎಷ್ಟೋ ದಿನದಿಂದ ಏನೂ ತಾಗದಿದ್ದ ಮೈಗೆ ಅದು ತಾಗಿತು, ಕಾಯಿಯ ನಾರು ಚುಚ್ಚಿದ್ದೂ ಗೊತ್ತಾಯಿತು. ಅಂಬಾಬಾಯಿ ಸೆರಗಿನ ತುದಿಗಳನ್ನು ಕೂಡಿಸಿ ಗಂಟು ಹಾಕಿದಳು. ಎದ್ದು ನಿಂತು ಗಂಡನ ಕಡೆ ತಿರುಗಿದಳು.

"ಈ ಅಕ್ಕೀದು ನಾಳೆ ನಮ್ಮನ್ಯಾಗ ಅನ್ನ ಆಗಬೇಕು. ಗ್ಯಾಸ್ ಅದ ಇಲ್ಲೊ?"

ರಾಯರು ಟ್ರಂಕಿನ ಕಡೆ ನೋಡಿದರು, ಮಗನ ಕಡೆ ನೋಡಿದರು.

"ಅದ" ಎಂದರು. ಚೀಲ ಎತ್ತಿಕೊಳ್ಳುತ್ತ, "ಮಷೀನು ಅಟ್ಟದಿಂದ ಇಳಸಲಿಕ್ಕೆ ಇಬ್ಬರು ಬೇಕಾಗ್ತದ" ಎಂದರು.

"ಇಬ್ಬರು ಇರ್ತೀವಲ್ಲ" ಎಂದು ಅಂಬಾಬಾಯಿ ಚಪ್ಪಲಿ ಹುಡುಕಿದಳು.